ಲೇಡಿ ಮ್ಯಾನೇಜರ್

"ಈ ಗೆರೆ ದಾಟಿ ಬಂದ ಚೆಂಡು ವಾಪಸ್ ಸಿಗಲ್ಲ ನೋಡ್ರಿ."

ನಾಗಭೂಷಣ್‌ಗೆ ಸುಮಾ ಹೇಳಿದ ಮೊಟ್ಟಮೊದಲ ಮಾತು ಇದು. ಪ್ರೇಮಕಥೆ ಹೀಗೆ ಶುರುವಾಗಬಾರದು, ನನಗೂ ಗೊತ್ತು. ಏನು ಮಾಡುವುದು, ನಡೆದದ್ದೇ ಹೀಗೆ.

ಆರು ವರ್ಷದ ಹಿಂದಿನ ಮಾತು. ದಾವಣಗೆರೆಯ ಆ ಖಾಸಗಿ ಕಾಲೇಜಿನಲ್ಲಿದ್ದದ್ದು ಒಂದೇ ಒಂದು ಬಾಸ್ಕೆಟ್‌ಬಾಲ್ ಕೋರ್ಟ್. ಸಿಮೆಂಟಿನ ನೆಲ, ಅಲ್ಲಲ್ಲಿ ಬಿರುಕು. ಒಂದೇ ವಾರದಲ್ಲಿ ಇಬ್ಬರು ಸಹಾಯಕ ಕೋಚ್‌ಗಳು ಸೇರಿದ್ದರು. ಹುಡುಗರ ತಂಡಕ್ಕೆ ನಾಗಭೂಷಣ್, ಹುಡುಗಿಯರ ತಂಡಕ್ಕೆ ಸುಮಾ. ಇಬ್ಬರಿಗೂ ಸಂಜೆ ನಾಲ್ಕಕ್ಕೇ ಕೋರ್ಟ್ ಎಂದು ಹೇಳಿ ಕಳಿಸಿದ್ದರು.

ಸುಮಾ ಮೊದಲು ಬಂದವಳು. ಮಾಸಿಹೋಗಿದ್ದ ನಡುಗೆರೆಯ ಮೇಲೆ ದಪ್ಪಗೆ ಸೀಮೆಸುಣ್ಣ ಬಳಿದು, ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು. ಅವನ ಕಡೆಯ ಚೆಂಡು ಉರುಳಿಕೊಂಡು ಬಂದು ಅವಳ ಕಾಲಿಗೆ ತಾಗಿತು.

ಅವನು ಗೆರೆಯ ತನಕ ಬಂದು ನಿಂತ.

"ದಾಟಲ್ರಿ. ನೀವೇ ಕೊಟ್ರೆ ತಗೋತೀನಿ."

ಕಣ್ಣಲ್ಲಿ ಒಂದಿಷ್ಟೂ ಜಗಳವಿರಲಿಲ್ಲ. ಅದೇ ಅವಳಿಗೆ ಕಿರಿಕಿರಿಯಾಯಿತು. ಚೆಂಡನ್ನು ಎತ್ತಿ ಅವನ ಎದೆಗೇ ಬೀಸಿದಳು. ಹಿಡಿದ ರಭಸಕ್ಕೆ ಅವನು ಒಂದು ಹೆಜ್ಜೆ ಹಿಂದೆ ಹೋದ. ಆಮೇಲೆ ನಕ್ಕ.

'ಯಾಕ ನಗ್ತಾನೆ ಇವನು...' ಎಂದುಕೊಂಡವಳಿಗೆ ತನ್ನೂರು ಕೊಂಡಜ್ಜಿಯ ಬಸ್ಸಿನಲ್ಲಿ ಮನೆ ಸೇರುವವರೆಗೂ ಆ ನಗು ಬಿಡಲಿಲ್ಲ.

*

ಸಹಾಯಕ ಕೋಚ್ ಎಂದರೆ ಕೇಳುವವರಿಗೆ ದೊಡ್ಡದಾಗಿ ಕೇಳಿಸುತ್ತದೆ. ಪ್ರತಿ ಜೂನ್‌ನಲ್ಲಿ ಹೊಸ ಆದೇಶ, ಪ್ರತಿ ಏಪ್ರಿಲ್‌ನಲ್ಲಿ ಮುಂದಿನ ವರ್ಷ ಕರೆಯುತ್ತಾರೋ ಇಲ್ಲವೋ ಎಂಬ ಭಯ. ಆ ಆದೇಶದಲ್ಲೂ 'ಕ್ರೀಡಾ ವಿಭಾಗದ ಸಹಾಯಕರು' ಎಂದಷ್ಟೇ ಇರುತ್ತಿತ್ತು.

ವಿಭಾಗದ ಮುಖ್ಯಸ್ಥರು ಫಿಸಿಕಲ್ ಡೈರೆಕ್ಟರ್ ಬಕ್ಕೇಶಪ್ಪ, ಎಲ್ಲರ ಬಾಯಲ್ಲಿ ಪಿ.ಡಿ. ಸರ್. ಕೆಟ್ಟವರಲ್ಲ. ಆದರೆ ಹುಡುಗಿಯರ ಪಂದ್ಯಕ್ಕೆ ಒಮ್ಮೆಯೂ ಬಂದವರಲ್ಲ. "ನೀನ ನೋಡ್ಕ್ಯಂಬಿಡವ್ವಾ" ಎನ್ನುತ್ತಿದ್ದರು. ಸುಮಾ ನೋಡಿಕೊಂಡಳು. ಚಿತ್ರದುರ್ಗ, ಶಿವಮೊಗ್ಗ, ಹರಿಹರ... ಎಲ್ಲಿ ಪಂದ್ಯವಿದ್ದರೂ ಹನ್ನೆರಡು ಹುಡುಗಿಯರನ್ನು ಬಸ್ಸಿಗೆ ಹತ್ತಿಸಿಕೊಂಡು ಹೋದಳು, ಆಡಿಸಿದಳು, ಎರಡು ಸಲ ಕಪ್ ತಂದಳು.

ನಾಗಭೂಷಣನ ತಂದೆಗೆ ಚೌಕಿಪೇಟೆಯಲ್ಲಿ ಬಟ್ಟೆ ಅಂಗಡಿ. ಚೆಂಡು ಬಿಟ್ಟು ಗಲ್ಲಾಪೆಟ್ಟಿಗೆ ಮುಂದೆ ಕೂಡು ಎಂದು ಮನೆಯಲ್ಲಿ ದಿನಾ ಹೇಳುತ್ತಿದ್ದರು. ಅವನ ಅಕ್ಷರ ಮುತ್ತಿನಂತಿತ್ತು. ಹಾಗಾಗಿ ವಿಭಾಗದ ಬರವಣಿಗೆಯೆಲ್ಲ ಅವನ ತಲೆಗೇ ಬಿತ್ತು.

ಪ್ರಾಕ್ಟೀಸ್ ಮುಗಿದ ಮೇಲೆ ಗೇಟಿನ ಬಳಿ ಒಟ್ಟಿಗೆ ಚಹಾ. ಅವಳ ಬಸ್ಸು ಬರುವ ತನಕ ಮಾತು. ಪ್ರೀತಿಯೆಂದು ಅವಳಿಗೆ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಹೇಳುವುದಕ್ಕೆ ಮಾತ್ರ ಇಬ್ಬರೂ ಪರ್ಮನೆಂಟ್ ಆಗಲೆಂದು ಕಾಯುತ್ತಿದ್ದರು!

ಈ ವರ್ಷ ಮಾರ್ಚ್‌ನಲ್ಲಿ ಆ ಪ್ರಕಟಣೆ ಬಂತು. ದಾವಣಗೆರೆಯ ಕ್ರೀಡಾ ಹಾಸ್ಟೆಲಿಗೆ ಬಾಸ್ಕೆಟ್‌ಬಾಲ್ ಕೋಚ್ ಬೇಕು. ಕಾಯಂ ಹುದ್ದೆ, ಒಂದೇ ಒಂದು. ಕೋಚ್ ಆಗಿ ಐದು ವರ್ಷದ ಅನುಭವ ಬೇಕು. ವಯಸ್ಸು ಮೂವತ್ತೈದು ತುಂಬಿರಬಾರದು.

ಸುಮಾಗೆ ಜೂನ್‌ನಲ್ಲಿ ಮೂವತ್ತೈದು ತುಂಬುತ್ತಿತ್ತು.

ಇಬ್ಬರೂ ಅರ್ಜಿ ಹಾಕಿದರು. "ಯಾರಿಗೆ ಸಿಕ್ರೂ ಇನ್ನೊಬ್ರು ಮಿರ್ಚಿ ಮಂಡಕ್ಕಿ ಕೊಡಿಸ್ಬೇಕು" ಎಂದು ಅವನೇ ಅಂದಿದ್ದ.

*

ಏಪ್ರಿಲ್‌ನ ಒಂದು ಗುರುವಾರ. ಸೋಮವಾರ ಹನ್ನೊಂದಕ್ಕೆ ದಾಖಲೆ ಪರಿಶೀಲನೆ. ಅನುಭವದ ಪತ್ರ ತರಲು ಸುಮಾ ಕಾಲೇಜು ಆಫೀಸಿಗೆ ಹೋದಳು. ಗುಮಾಸ್ತ ದಿನೇಶ್ ಟೈಪ್ ಮಾಡಿದ ಹಾಳೆ ಚಾಚಿದ.

'...ಆರು ವರ್ಷಗಳಿಂದ ಮಹಿಳಾ ತಂಡದ ಲೇಡಿ ಮ್ಯಾನೇಜರ್ ಆಗಿ ಸೇವೆ ಸಲ್ಲಿಸಿರುತ್ತಾರೆ.'

ಅವಳಿಗೆ ನಗು ಬಂತು. "ತಪ್ಪು ಟೈಪ್ ಆಗೈತೆ ನೋಡ್ರಿ."

"ಇಲ್ಲ ಮೇಡಂ. ಯೂನಿವರ್ಸಿಟಿಗೆ ಕಳಿಸಿದ ಫಾರ್ಮ್ ನೋಡೇ ಮಾಡೀನಿ."

ದಿನೇಶ್ ಫೈಲು ತೆಗೆದ. ಆರು ವರ್ಷದ ಪಂದ್ಯಾವಳಿಗಳ ಆರು ಪ್ರವೇಶ ಫಾರ್ಮ್. ಕೋಚ್: ಬಕ್ಕೇಶಪ್ಪ. ಲೇಡಿ ಮ್ಯಾನೇಜರ್: ಸುಮಾ. ಆರೂ ಹಾಳೆಯಲ್ಲಿ ಅದೇ.

ಪಕ್ಕದಲ್ಲೇ ಹುಡುಗರ ತಂಡದ ಫಾರ್ಮ್. ಕೋಚ್: ನಾಗಭೂಷಣ್.

ಎಲ್ಲವೂ ಆ ಮುತ್ತಿನಂಥ ಅಕ್ಷರದಲ್ಲಿ.

ಸುಮಾ ಫೈಲಿನಿಂದ ಒಂದು ಫಾರ್ಮ್ ತೆಗೆದುಕೊಂಡಳು. ಹಾಳೆ ಹಿಡಿದುಕೊಂಡೇ ಕೋರ್ಟಿಗೆ ನಡೆದಳು. ಸೀಟಿ ಊದುತ್ತಿದ್ದ ನಾಗಭೂಷಣ್ ಅವಳ ಮುಖ ನೋಡಿ ಸೀಟಿ ಕೆಳಗಿಳಿಸಿದ.

"ಇದು ನೀವು ಬರೆದಿದ್ದೇನು?"

ಓದಿದ. ಮತ್ತೊಮ್ಮೆ ಓದಿದ.

"ಮೊದಲ ವರ್ಷ ಫಾರ್ಮ್ ವಾಪಸ್ ಬಂದಿತ್ರಿ," ಎಂದ ಸಣ್ಣಗೆ. "ಹುಡುಗೇರ ಜೊತೆ ಲೇಡಿ ಮ್ಯಾನೇಜರ್ ಇಲ್ಲದಿದ್ರೆ ತಂಡಾನೇ ಸೇರಿಸಲ್ಲ ಅಂದ್ರು. ಇರೋದು ಎರಡೇ ಕಾಲಂ. ಪಿ.ಡಿ. ಸರ್ ಹೆಸರು ಬಿಡೋ ಹಂಗಿಲ್ಲ. ಅವರನ್ನ ಕೋಚ್ ಮಾಡಿ, ನಿಮ್ಮನ್ನ..."

"ಅದು ಮೊದಲ ವರ್ಷ. ಆಮೇಲಿನ ಐದು ವರ್ಷ?"

ಅವನು ಸೀಟಿಯ ದಾರವನ್ನು ಬೆರಳಿಗೆ ಸುತ್ತಿಕೊಂಡ.

"ಪ್ರತಿ ಸಲ ಹೋದ ವರ್ಷದ್ದು ನೋಡ್ಕೊಂಡು ಬರೆದೆ."

ಈ ಮಾತಿಗಿಂತ ಅವನೊಂದು ಏಟು ಹೊಡೆದಿದ್ದರೆ ಅವಳಿಗೆ ಹಗುರವಾಗುತ್ತಿತ್ತು. ಸೇಡಿಗೆ ಬರೆದಿದ್ದರೆ ಬೈಯಬಹುದಿತ್ತು. ಇವನು ನೋಡಿಕೊಂಡು ಬರೆದನಂತೆ!

"ಆರು ವರ್ಷ ದಿನಾ ನನ್ನ ನೋಡಿದ್ರಿ. ವರ್ಷಕ್ಕೆ ಒಂದ್ಸಲ ನನ್ನ ಹೆಸರು ಬರೆಯುವಾಗ ಏನು ಬರೀತಿದೀನಿ ಅಂತ ನೋಡ್ಲಿಲ್ಲ." ಅವಳು ಹಾಳೆ ವಾಪಸ್ ಕಸಿದುಕೊಂಡಳು. "ಈಗ ನಿಮಗೆ ಅನುಭವ ಐತೆ, ನನಗಿಲ್ಲ. ಇರೋದು ಒಂದೇ ಪೋಸ್ಟು. ಭಾಳ ಅನುಕೂಲ ಆತು."

"ಸುಮಾ, ಹಂಗಲ್ರಿ..."

ಅವಳು ತಿರುಗಿ ನೋಡದೆ ಪ್ರಿನ್ಸಿಪಾಲರ ಕೋಣೆಯ ಕಡೆ ನಡೆದಳು. ಹುಡುಗರೆಲ್ಲ ಚೆಂಡು ಹಿಡಿದು ಸುಮ್ಮನೆ ನಿಂತಿದ್ದರು.

ಪ್ರಿನ್ಸಿಪಾಲ್ ವಾಣಿ ಮೇಡಂ ಎಲ್ಲವನ್ನೂ ಕೇಳಿಸಿಕೊಂಡು ಕನ್ನಡಕ ತೆಗೆದಿಟ್ಟರು.

"ನೀನೇ ಕೋಚ್ ಅಂತ ನಾನು ಕಣ್ಣಾರೆ ನೋಡೀನಿ. ಆದ್ರೆ ಯೂನಿವರ್ಸಿಟಿ ದಾಖಲೆ ಒಂದು ಹೇಳಿ, ನನ್ನ ಪತ್ರ ಇನ್ನೊಂದು ಹೇಳಿದ್ರೆ ನಿನ್ನ ಅರ್ಜಿನೇ ತಿರಸ್ಕಾರ ಆಗ್ತೈತೆ. ಅವರ ಸೀಲ್ ಇರೋ ಒಂದೇ ಒಂದು ಕಾಗದ ತಗೊಂಡು ಬಾ, ಕೋಚ್ ಸುಮಾ ಅಂತ ಇರ್ಲಿ. ಆರು ವರ್ಷಕ್ಕೂ ಸೈನ್ ಹಾಕ್ತೀನಿ."

ಒಂದೇ ಒಂದು ಕಾಗದ. ಸುಮಾಗೆ ಆಸೆ ಚಿಗುರಿತು. ಮನೆಗೆ ಹೋಗಿ ಟ್ರಂಕು ಸುರಿದಳು. ಕಪ್ ಗೆದ್ದಾಗಿನ ಪ್ರಮಾಣಪತ್ರಗಳಲ್ಲಿ ಮ್ಯಾನೇಜರ್. ಗುರುತಿನ ಚೀಟಿಗಳಲ್ಲಿ ಮ್ಯಾನೇಜರ್. ಹುಡುಗಿಯರ ಜೊತೆ ಬರುವ ಹೆಂಗಸರಿಗೆಲ್ಲ ಹಾಗೇ ಬರೆಯುತ್ತಾರೆಂದು ಅವಳು ಆ ಪದವನ್ನು ಲೆಕ್ಕಕ್ಕೇ ಇಟ್ಟಿರಲಿಲ್ಲ. ಪತ್ರಿಕೆಯ ತುಣುಕಿನಲ್ಲಿ ಹುಡುಗಿಯರ ನಡುವೆ ಅವಳದೇ ಫೋಟೋ, ಕೆಳಗೆ 'ಕೋಚ್ ಬಕ್ಕೇಶಪ್ಪ ಮಾರ್ಗದರ್ಶನದಲ್ಲಿ'.

ಅವಳ ತಾಯಿ ಅಂಜಿನವ್ವ ಬಾಗಿಲಲ್ಲೇ ಕೂತು ನೋಡುತ್ತಿದ್ದಳು. "ಚೆಂಡಿನ ಹಿಂದೆ ಓಡಿದ್ದು ಸಾಕೇನವ್ವಾ ಇನ್ನ?"

ಸುಮಾ ಸುರಿದದ್ದನ್ನೆಲ್ಲ ಮತ್ತೆ ಟ್ರಂಕಿಗೆ ತುಂಬಿದಳು. ಮೊಬೈಲಿನಲ್ಲಿ ನಾಗಭೂಷಣನ ಕರೆ ಹದಿನೇಳನೆಯ ಸಲ ರಿಂಗಾಗಿ ನಿಂತಿತು.

*

ಶುಕ್ರವಾರ ಶಾಮನೂರಿಗೆ, ಪಿ.ಡಿ. ಸರ್ ಮನೆಗೆ ಹೋದಳು. ಬಕ್ಕೇಶಪ್ಪನವರು ನಿವೃತ್ತರಾಗಿ ಆರು ತಿಂಗಳಾಗಿತ್ತು. ಪಡಸಾಲೆಯ ಗಾಜಿನ ಕಪಾಟಿನಲ್ಲಿ 'ಉತ್ತಮ ತರಬೇತುದಾರ' ಎಂಬ ಫಲಕ. ಮಹಿಳಾ ತಂಡ ಕಪ್ ಗೆದ್ದ ವರ್ಷ ಅವರಿಗೆ ಕೊಟ್ಟದ್ದು.

"ಸರ್, ಹುಡುಗೇರ ತಂಡಕ್ಕೆ ಸುಮಾನೇ ಕೋಚ್ ಇದ್ಲು ಅಂತ ಯೂನಿವರ್ಸಿಟಿಗೆ ಒಂದು ಸಾಲು ಬರೆದುಕೊಡ್ರಿ. ಅಷ್ಟೇ ಸಾಕು."

ಬಕ್ಕೇಶಪ್ಪ ಕಪಾಟಿನ ಕಡೆ ನೋಡಿದರು, ನೆಲ ನೋಡಿದರು.

"ಬರೀಬಹುದವ್ವಾ... ಆದ್ರೆ ಆರು ವರ್ಷ ಆ ಕಾಲಂನಾಗ ನನ್ನ ಹೆಸರೈತೆ. ನಾನಲ್ಲ ಅಂತ ಈಗ ಹೇಳಿದ್ರೆ, ಹಂಗಾರೆ ನೀ ಏನು ಮಾಡ್ತಿದ್ದೆ ಅಂತ ನನ್ನ ಕೇಳಲ್ಲೇನು? ಪೆನ್ಷನ್ ಇನ್ನೂ ಸೆಟ್ಲ್ ಆಗಿಲ್ಲ. ಬ್ಯಾಡ ಬಿಡು."

ಒಳಗಿನಿಂದ ಅವರ ಹೆಂಡತಿ ದ್ರಾಕ್ಷಾಯಣಮ್ಮ ಕುಂಕುಮದ ಬಟ್ಟಲು ತಂದರು. ಸುಮಾಳ ಹಣೆಗೆ ಹಚ್ಚಿದರು. "ಒಳ್ಳೇದಾಗ್ಲಿ ತಾಯಿ" ಎಂದರು, ಗಂಡನ ಮುಖ ನೋಡದೆ.

ಸುಮಾ ಬಿಸಿಲಲ್ಲಿ ಬಸ್ಸಿಗೆ ಕಾಯುತ್ತಾ ನಿಂತಳು. 'ನಾನು ಇದ್ದೆ ಅನ್ನೋಕೆ ಒಂದು ಸಾಕ್ಷಿನೂ ಇಲ್ವೇನು... ಕೂಗಿ ಕೂಗಿ ಗಂಟಲು ಹರಕೊಂಡೋಳು ಯಾರು ಹಂಗಾರೆ?'

ಶನಿವಾರ ಕೊನೆಯ ಆಸೆ ಹರಿಹರದ ಇಮಾಮ್ ಸಾಬ್. ವೃತ್ತಿಯಲ್ಲಿ ಟೈಲರ್, ಸುತ್ತಲಿನ ಕಾಲೇಜುಗಳ ಜೆರ್ಸಿ ಹೊಲಿಯುವವರು. ಪಂದ್ಯವಿದ್ದ ದಿನ ಮಷಿನ್ನಿಗೆ ಬಟ್ಟೆ ಮುಚ್ಚಿ ಸ್ಕೋರ್ ಬರೆಯಲು ಬರುತ್ತಿದ್ದರು. ಇಪ್ಪತ್ತು ವರ್ಷದ ಸ್ಕೋರ್‌ಶೀಟಿನ ಪ್ರತಿಗಳನ್ನು ಕಟ್ಟಿಟ್ಟಿದ್ದರು.

"ಕೂಡು ಬೇಟಿ," ಎಂದು ಕಟ್ಟು ಬಿಚ್ಚಿದರು. ಪ್ರತಿ ಹಾಳೆಯಲ್ಲೂ ಕೋಚ್ ಎಂಬಲ್ಲಿ ಅವಳ ಹೆಸರು, ಪಕ್ಕದಲ್ಲಿ ಅವಳದೇ ರುಜು. "ಬಕ್ಕೇಶಪ್ಪ ಸಾಹೇಬ್ರ ಹೆಸರು ಬರೀರಿ ಅಂತ ಒಂದಿಬ್ರು ಹೇಳಿದ್ರು. ಮೈದಾನದಾಗ ಇಲ್ಲದೋರ ಹೆಸರು ನಾನು ಬರೆಯಲ್ಲ."

ಸುಮಾಳ ಕಣ್ಣು ತುಂಬಿತು. "ಸೀಲ್ ಐತೇನು ಚಾಚಾ ಇದರ ಮ್ಯಾಲೆ?"

"ಸ್ಕೋರ್‌ಶೀಟಿಗೆ ಯಾರು ಸೀಲ್ ಹಾಕ್ತಾರೆ ಬೇಟಿ?"

ಮುಗಿಯಿತು. ಅವಳು ಮುಖ ಮುಚ್ಚಿಕೊಂಡು ಕೂತುಬಿಟ್ಟಳು. ಇಮಾಮ್ ಸಾಬ್ ಏನು ಹೇಳಬೇಕೆಂದು ತೋಚದೆ ಹಾಳೆ ತಿರುವುತ್ತಾ ಹೋದರು. ಒಂದರಲ್ಲಿ ಬೆರಳು ನಿಂತಿತು.

"ಇದು ನೆನಪೈತೇನು? ಮೂರು ವರ್ಷದ ಹಿಂದೆ. ಪೂಜಾ ಅನ್ನೋ ಹುಡುಗಿ ಮೊಣಕಾಲು ತಿರುಚಿ ಬಿದ್ದಿದ್ಲು. ರೆಫ್ರಿ ಆಟ ನಿಲ್ಲಿಸ್ಲಿಲ್ಲ. ನೀನು ಕೋರ್ಟಿನೊಳಗೇ ನುಗ್ಗಿ ಅವನಿಗೆ ಬೈದೆ. ನಿನಗೆ ಟೆಕ್ನಿಕಲ್ ಫೌಲ್ ಕೊಟ್ರು. ರೆಫ್ರಿ ಸುಮ್ನಿರ್ಲಿಲ್ಲ, ಯೂನಿವರ್ಸಿಟಿಗೆ ರಿಪೋರ್ಟ್ ಕಳಿಸ್ದ, ಇದೇ ಶೀಟು ಜೋಡಿಸಿ. ನೋಟಿಸ್ ಬಂದಿರ್ಬೇಕಲ್ಲ ನಿನಗೆ?"

"ಯಾವ ನೋಟಿಸೂ ಬಂದಿಲ್ಲ."

"ಬಂದೈತೆ. ಕಳಿಸೀವಿ ಅಂತ ಅವರೇ ನನಗೆ ಹೇಳಿದ್ರು."

ಸುಮಾ ಮೆಲ್ಲಗೆ ತಲೆಯೆತ್ತಿದಳು. ವಿಭಾಗದ ಅಂಚೆ ಒಡೆಯುತ್ತಿದ್ದವನು ಒಬ್ಬನೇ. ಮೂರು ದಿನದಿಂದ ಎತ್ತದಿದ್ದ ನಂಬರಿಗೆ ತಾನೇ ಕರೆ ಮಾಡಿದಳು.

"ಮೂರು ವರ್ಷದ ಹಿಂದೆ ನನ್ನ ಹೆಸರಿಗೆ ನೋಟಿಸ್ ಬಂದಿತ್ತೇನು?"

ಆ ಕಡೆ ಬೈಕು ನಿಂತ ಸದ್ದಾಯಿತು.

"ಬಂದಿತ್ತು."

"ಎಲ್ಲೈತೆ?"

"ನನ್ನ ಹತ್ರ."

"ಹರಿಹರದ ಸೇತುವೆ ಹತ್ರ ಬರ್ರಿ. ಈಗಲೇ."

*

ಬೈಕು ನಿಲ್ಲಿಸಿ ಬಂದವನ ಅಂಗಿ ಬೆವರಿಗೆ ಒದ್ದೆಯಾಗಿತ್ತು. ಮೂರು ದಿನದ ಗಡ್ಡ. ಸೇತುವೆಯ ಕೆಳಗೆ ತುಂಗಭದ್ರೆಯಲ್ಲಿ ಬಂಡೆಗಳೇ ಹೆಚ್ಚು, ನೀರು ಕಡಿಮೆ.

ಅವನು ಕವರು ಚಾಚಿದ. ಯೂನಿವರ್ಸಿಟಿಯ ನೀಲಿ ಸೀಲು.

'ಮಹಿಳಾ ತಂಡದ ಕೋಚ್ ಕುಮಾರಿ ಸುಮಾ ಇವರು ಪಂದ್ಯದ ವೇಳೆ ಅಂಕಣದೊಳಗೆ ಪ್ರವೇಶಿಸಿ... ಕೋಚ್ ಸ್ಥಾನದ ಘನತೆಗೆ ತಕ್ಕುದಲ್ಲದ ರೀತಿಯಲ್ಲಿ... ಕೋಚ್ ಆಗಿ ತಾವು ಲಿಖಿತ ಕ್ಷಮಾಪಣೆ...'

ಒಂದೇ ಹಾಳೆಯಲ್ಲಿ ಮೂರು ಸಲ ಕೋಚ್! ಆರು ವರ್ಷದಲ್ಲಿ ಅವಳನ್ನು ಕೋಚ್ ಎಂದು ಕರೆದ ಒಂದೇ ಒಂದು ಸೀಲಿನ ಕಾಗದ, ಅದೂ ಬೈಯುವುದಕ್ಕೆ. ಸುಮಾಗೆ ನಗು ಬಂತು, ನಗುತ್ತಲೇ ಅಳು ಬಂತು. ಕಂಬಿ ಹಿಡಿದು ನಿಂತಳು.

"ಯಾಕ ಮುಚ್ಚಿಟ್ರಿ?"

"ಇದು ಕಾಲೇಜು ಫೈಲಿಗೆ ಹೋಗಿದ್ರೆ ಆ ಜೂನ್‌ನಾಗ ನಿಮ್ಮ ಆದೇಶ ಬರ್ತಿರ್ಲಿಲ್ಲ. ನಿಮ್ಮ ಕೈಗೆ ಕೊಟ್ಟಿದ್ರೆ ನೀವು ಕ್ಷಮೆ ಕೇಳ್ತಿರ್ಲಿಲ್ಲ. ಕೇಳೋ ಅಗತ್ಯಾನೂ ಇರ್ಲಿಲ್ಲ, ನೀವು ಮಾಡಿದ್ದು ಸರಿ ಇತ್ತು. ವಿಭಾಗದ ಪರವಾಗಿ ನಾನೇ ಕ್ಷಮಾಪಣೆ ಬರೆದು ಕಳಿಸಿದೆ."

"ನನ್ನ ಹೆಸರು ತಪ್ಪು ಬರೆದದ್ದೂ ನೀವೇ, ನನಗೆ ಬಂದ ಕಾಗದಕ್ಕೆ ಉತ್ತರ ಕೊಟ್ಟೋರೂ ನೀವೇ. ನನ್ನ ಒಂದು ಮಾತು ಕೇಳ್ಬೇಕು ಅನ್ನಿಸ್ಲಿಲ್ಲೇನು?"

"ತಪ್ಪಾತು," ಎಂದ. ನೆಪ ಹೇಳಲಿಲ್ಲ. "ಎರಡು ದಿನ ಯೂನಿವರ್ಸಿಟಿ ಆಫೀಸಿನಾಗ ಫಾರ್ಮ್ ತಿದ್ದಿಸೋಕೆ ನಿಂತಿದ್ದೆ. ಹಳೇ ದಾಖಲೆ ಮುಟ್ಟಲ್ಲ ಅಂದ್ರು. ಬೈಗುಳದ ಕಾಗದ ಉಪಯೋಗಕ್ಕೆ ಬರ್ತೈತೆ ಅಂತ ಹೊಳೀಲೇ ಇಲ್ಲ."

ಸುಮಾ ಕವರನ್ನೇ ನೋಡುತ್ತಿದ್ದಳು. ಅವಳಿಗೆ ಈಗ ಇನ್ನೊಂದು ಹೊಳೆಯಿತು.

"ಇದನ್ನ ಮೇಡಂ ಮುಂದೆ ಇಟ್ರೆ, ಇಷ್ಟು ವರ್ಷ ಎಲ್ಲಿತ್ತು ಅಂತ ಕೇಳ್ತಾರೆ."

"ಹೇಳ್ತೀನಿ."

"ನಿಮ್ಮ ನಡತೆ ಪತ್ರ ತಡೀತಾರೆ. ಸೋಮವಾರ ನಿಮಗೂ ಪರಿಶೀಲನೆ ಐತೆ."

"ತಡೀಲಿ. ನನಗೆ ಇನ್ನೂ ಎರಡು ವರ್ಷ ಐತೆ. ನಿಮಗೆ ಎರಡು ತಿಂಗಳು."

"ನನಗೆ ಯಾರ ತ್ಯಾಗಾನೂ ಬ್ಯಾಡ."

"ತ್ಯಾಗ ಅಲ್ರಿ ಇದು. ಅಂಚೆ ಬಚ್ಚಿಟ್ಟಿದ್ದು ನಾನು. ಕೇಳಿದ್ರೆ ನಾನೇ ಉತ್ತರ ಕೊಡ್ಬೇಕು."

ಅವಳ ಮನಸ್ಸು ಎರಡಾಯಿತು. ಕಾಗದ ಹರಿದು ನದಿಗೆ ಬಿಟ್ಟರೆ ಅವನು ಉಳಿಯುತ್ತಾನೆ, ಅವಳು ಮುಳುಗುತ್ತಾಳೆ. ಹನ್ನೆರಡು ಹನ್ನೆರಡರಂತೆ ಆರು ವರ್ಷ ಆಡಿಸಿದ ಹುಡುಗಿಯರ ಮುಖಗಳು ಕಣ್ಮುಂದೆ ಬಂದವು. ಅವಳು ಕವರನ್ನು ಚೀಲದೊಳಗಿಟ್ಟು ಜಿಪ್ ಎಳೆದಳು.

"ನಿಮ್ಮ ಮ್ಯಾಲಿನ ಸಿಟ್ಟು ಇಳಿದಿಲ್ಲ," ಎಂದಳು.

"ಗೊತ್ತೈತೆ. ಬಸ್‌ಸ್ಟ್ಯಾಂಡಿಗೆ ಬಿಡ್ಲೇನು?"

"ಬ್ಯಾಡ. ನಡೀತೀನಿ."

*

ಸೋಮವಾರ ಒಂಬತ್ತಕ್ಕೆ ವಾಣಿ ಮೇಡಂ ನೋಟಿಸನ್ನು ಎರಡು ಸಲ ಓದಿದರು. ಕೇಳಬೇಕಾದ್ದನ್ನೇ ಕೇಳಿದರು.

"ನನ್ನ ಹತ್ರ ಇತ್ತು ಮೇಡಂ," ಎಂದ ನಾಗಭೂಷಣ್. "ಸುಮಾ ಅವರಿಗೆ ಮೊನ್ನೆ ತನಕ ಗೊತ್ತಿರ್ಲಿಲ್ಲ."

ಮೇಡಂ ಸುಮಾಳ ಪತ್ರಕ್ಕೆ ಸಹಿ ಹಾಕಿದರು. ಆಮೇಲೆ ದಿನೇಶನನ್ನು ಕರೆದು ನಾಗಭೂಷಣನಿಗೆ ಮೆಮೊ ಟೈಪ್ ಮಾಡಲು ಹೇಳಿದರು. ವಿಚಾರಣೆ ಮುಗಿಯುವ ತನಕ ಅವನ ನಡತೆ ಪತ್ರ ಇಲ್ಲ. ಹನ್ನೊಂದರ ಸರತಿಯಲ್ಲಿ ಅವನು ನಿಲ್ಲುವಂತಿರಲಿಲ್ಲ.

ಸುಮಾ ಒಬ್ಬಳೇ ಹೋದಳು. ಮೇಜಿನ ಆಚೆಯ ಅಧಿಕಾರಿ ಹಾಳೆಗಳನ್ನು ತಿರುವುತ್ತಾ ಹುಬ್ಬು ಗಂಟಿಕ್ಕಿದರು.

"ಬೇರೆ ಕಡೆ ಎಲ್ಲ ಮ್ಯಾನೇಜರ್ ಅಂತೈತೆ. ಇದೊಂದರಾಗ ಕೋಚ್. ಇದು ಎಚ್ಚರಿಕೆ ನೋಟಿಸ್ ಅಲ್ಲೇನಮ್ಮಾ?"

"ಹೌದು ಸರ್."

"ಇಂಥದನ್ನ ಅರ್ಜಿ ಜೊತೆ ಯಾರಾದ್ರೂ ಇಡ್ತಾರೇನು?"

ಅವಳು ನೆಟ್ಟಗೆ ನಿಂತಳು. ದನಿ ಗಟ್ಟಿಯಾಗಿಯೇ ಬಂತು.

"ಬಿದ್ದ ಹುಡುಗಿ ಹತ್ರ ಓಡಿಹೋಗಿದ್ದಕ್ಕೆ ಕೊಟ್ಟಿದ್ದು ಸರ್. ಮ್ಯಾನೇಜರ್ ಆಗಿದ್ರೆ ನನಗ್ಯಾಕ ಕೊಡ್ತಿದ್ರು? ಕೋಚ್‌ಗೇ ಕೊಟ್ಟಿದ್ದು."

ಅಧಿಕಾರಿ ಅವಳನ್ನು ನೋಡಿದರು, ಪ್ರಿನ್ಸಿಪಾಲರ ಸಹಿ ನೋಡಿದರು. ಠಸ್ಸೆ ಬಿತ್ತು.

ಮೈದಾನದ ಪರೀಕ್ಷೆ ಆಯಿತು, ಸಂದರ್ಶನ ಆಯಿತು. ಮೇ ಕೊನೆಯ ವಾರ ಬಂದ ಪಟ್ಟಿಯಲ್ಲಿ ಒಂದೇ ಹೆಸರಿತ್ತು. ಅವಳದು.

ಕಾಲೇಜಿನ ಕೊನೆಯ ದಿನ ಚೆಂಡುಗಳ ಲೆಕ್ಕ ಒಪ್ಪಿಸಲು ಬಂದಳು. ನಾಗಭೂಷಣ್ ಕೋರ್ಟಿನ ಕಟ್ಟೆಯ ಮೇಲೆ ಕೂತಿದ್ದ. ಅವಳು ಸ್ವಲ್ಪ ದೂರ ಬಿಟ್ಟು ಕೂತಳು. ಒಂದೂವರೆ ತಿಂಗಳಲ್ಲಿ ಇಬ್ಬರೂ ಹೀಗೆ ಕೂತದ್ದು ಇದೇ ಮೊದಲು.

"ವಿಚಾರಣೆ ಮುಗೀತಂತೆ."

"ಮುಗೀತು. ಮೆಮೊ ಫೈಲಿನಾಗ ಉಳೀತೈತೆ, ಕೆಲಸ ಉಳೀತು. ಇನ್ನೊಂದು ವರ್ಷ ಅಸಿಸ್ಟೆಂಟೇ."

ಸುಮಾ ಬಹಳ ದಿನದಿಂದ ಒಳಗೇ ಇಟ್ಟುಕೊಂಡಿದ್ದನ್ನು ಕೇಳಿದಳು.

"ಆ ನೋಟಿಸಿಗೆ ಉತ್ತರ ಕೊಟ್ಟಾಗಿತ್ತು. ಬಚ್ಚಿಡೋದೇ ಆಗಿದ್ರೆ ಹರಿದು ಹಾಕ್ಬಹುದಿತ್ತು. ಮೂರು ವರ್ಷ ಯಾಕ ಇಟ್ಕೊಂಡಿದ್ರಿ?"

ಅವನು ಅಂಗೈ ನೋಡಿಕೊಂಡ.

"ಎರಡು ಸಲ ಹರಿಯೋಕೆ ತೆಗೆದೆ. ನಿಮ್ಮ ಹೆಸರಿತ್ತು ಅದರಾಗ. ಕೈ ಬರ್ಲಿಲ್ಲ."

ಒಂದೂವರೆ ತಿಂಗಳಿಂದ ಹಿಡಿದಿಟ್ಟ ಸಿಟ್ಟು ಕಣ್ಣೀರಾಗಿ ಇಳಿಯಿತು. ಸೆರಗಿಲ್ಲದ ಟ್ರ್ಯಾಕ್‌ಸೂಟಿನ ತೋಳಿನಲ್ಲೇ ಒರೆಸಿಕೊಂಡಳು.

"ನನಗೆ ನೀವು ಬೇಕ್ರಿ, ಸುಮಾ," ಎಂದ ಅವನು. "ಪರ್ಮನೆಂಟ್ ಆದ್ಮೇಲೆ ಹೇಳೋಣ ಅಂತಿದ್ದೆ. ಅದು ಯಾವಾಗ ಆಗ್ತೈತೋ ಗೊತ್ತಿಲ್ಲ."

"ಇನ್ಮೇಲೆ ನನ್ನ ವಿಷಯ ಏನಿದ್ರೂ ಮೊದಲು ನನ್ನ ಕೇಳ್ಬೇಕು."

"ಕೇಳ್ತೀನಿ."

"ಭಾನುವಾರ ಕೊಂಡಜ್ಜಿಗೆ ಬರ್ರಿ. ಅವ್ವನ ಜೊತೆ ನೀವೇ ಮಾತಾಡ್ಬೇಕು. ಅವ್ವ ನಿಮಗೆ, ನನ್ನ ಮಗಳು ನಿಮಗಿಂತ ಎರಡು ವರ್ಷ ದೊಡ್ಡೋಳು, ನಿಮ್ಮ ಜಾತಿ ಬ್ಯಾರೆ, ನಮ್ದು ಬ್ಯಾರೆ, ಅವಳಿಗೆ ಅಡುಗೆ ಬರಲ್ಲ, ಸಿಟ್ಟು ಭಾಳ ಅಂತೆಲ್ಲ ಹೇಳ್ತಾಳೆ."

"ನಾನೇನು ಹೇಳ್ಲಿ?"

ಸುಮಾ ದೂರ ಸರಿದು ಕೂತಿದ್ದವಳು ಹತ್ತಿರ ಬಂದು ಕೂತಳು.

"ಎಲ್ಲದಕ್ಕೂ ಹೌದು ಅನ್ರಿ. ಅಡುಗೆಗೆ ಮಾತ್ರ, ನಾನು ಮಾಡ್ತೀನಿ ಅನ್ರಿ."